ಹಾಡಿನ ನಡುವೆ ಮಾತಾಡುತ್ತಿದ್ದವರು

ಚಿರಂಜೀವಿ ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕುಶಲ. ನಿನ್ನ ಕುಶಲವನ್ನು ದಿನವೂ ಫೋನಿನಲ್ಲೇ ಕೇಳುತ್ತಿರುವುದರಿಂದ ಪತ್ರದಲ್ಲಿ ಮತ್ತೆ ವಿಚಾರಿಸುವುದು ಬರೀ ಪದ್ಧತಿಯಷ್ಟೆ. ಆದರೆ ಕಳೆದ ವಾರ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನಡುವೆ ನಿನಗೆ ಮೀಟಿಂಗ್ ಬರುತ್ತದೆ, ನನಗೆ ಕುಕ್ಕರ್ ಕೂಗುತ್ತದೆ. ಹಾಗಾಗಿ ಬರೆದೇ ಕಳಿಸೋಣವೆಂದು ಕುಳಿತಿದ್ದೇನೆ. ‘ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಹಾಡು ತಾನಾಗಿ ಬರುತ್ತದೆ, ಅದೂ ನನಗೆ ಹಿಡಿಸುವಂಥದ್ದೇ ಬರುತ್ತದೆ, ನಡುವೆ ಮಾತಾಡಿ ತೊಂದರೆ ಕೊಡುವವರು ಯಾರೂ ಇಲ್ಲ, ಹೀಗಿರುವಾಗ ನೀನೂ ನಿನ್ನ ಗೆಳತಿಯರೂ ಹಳೆಯ ರೇಡಿಯೋದ ಮಾತುಗಾರರನ್ನು ನೆನೆದು ಇಷ್ಟೇಕೆ ಹಂಬಲಿಸುತ್ತೀರಿ?’ ಎಂದು ನೀನು ಕೇಳಿದ್ದೆ. ಪ್ರಶ್ನೆ ನ್ಯಾಯವಾದದ್ದೇ. ಹಾಡು ಬೇಕಾದವರಿಗೆ ಹಾಡು ಸಿಕ್ಕರೆ ಸಾಕಲ್ಲವೇ? ಆದರೆ ನಾನು ಮಡಿಕೇರಿಯ ಆಕಾಶವಾಣಿ ನಿಲಯದಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಕೆಲವು ವರ್ಷ ಮೈಕಿನ ಮುಂದೆ ಕುಳಿತವಳು. ಎರಡು ಹಾಡುಗಳ ನಡುವಿನ ಖಾಲಿ ಜಾಗ ತುಂಬುವುದಕ್ಕಷ್ಟೇ ಆ ಮಾತು ಇತ್ತೆಂದು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಊರಿಗೆ ಸ್ವಂತ ನಿಲಯ ಬರುವ ಮೊದಲು ರೇಡಿಯೋ ಹೇಗಿತ್ತೆಂಬುದನ್ನು ನೀನು ಕಂಡಿಲ್ಲ. ನಿನ್ನ ಅಜ್ಜನ ಬಳಿ ಒಂದು ಹಳೆಯ ಮರ್ಫಿ ರೇಡಿಯೋ ಇತ್ತು. ಗುಂಡಿ ತಿರುಗಿಸಿದರೆ ಕೂಡಲೇ ಮಾತಾಡುವ ಜಾತಿಯದಲ್ಲ ಅದು. ಒಳಗಿನ ವಾಲ್ವುಗಳು ಕಾದು ಕೆಂಪಾದ ಮೇಲೆ ನಿಧಾನವಾಗಿ ದನಿ ಹೊರಡುತ್ತಿತ್ತು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಸರ್ಕಾರದ ಅನುಮತಿ ಬೇಕು. ಎಂಬತ್ತರ ದಶಕದವರೆಗೂ ಅಂಚೆ ಕಚೇರಿಗೆ ಹೋಗಿ ವರ್ಷದ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಹಗಲಿನಲ್ಲಿ ಬೆಂಗಳೂರು, ಮೈಸೂರು ಸುಮಾರಾಗಿ ಕೇಳುತ್ತಿದ್ದವು. 1976ರಲ್ಲಿ ಮಂಗಳೂರು ನಿಲಯ ಆರಂಭವಾದ ಮೇಲೆ ಘಟ್ಟದ ಕೆಳಗಿನ ದನಿಯೂ ಸೇರಿತು. ಆದರೆ ಕತ್ತಲಾದ ಮೇಲೆ ನಡೆಯುತ್ತಿದ್ದುದೇ ಬೇರೆ. ಮೀಡಿಯಂ ವೇವ್ ತರಂಗಗಳನ್ನು ಹಗಲಿನಲ್ಲಿ ಆಕಾಶದ ಅಯಾನುಗೋಳದ ಕೆಳಪದರವೊಂದು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕೂ ಮೇಲಿನ ಪದರಕ್ಕೆ ತಗುಲಿದ ತರಂಗಗಳು ನೂರಾರು ಮೈಲಿ ಆಚೆಗೆ ಬಂದು ಇಳಿಯುತ್ತವೆ. ಹೀಗಾಗಿ ಊಟವಾದ ಮೇಲೆ ಅಜ್ಜ ಮುಳ್ಳು ತಿರುಗಿಸುತ್ತ ಹೋದಂತೆ ಕೋಯಿಕ್ಕೋಡ್, ತಿರುಚ್ಚಿ, ಗೊತ್ತಿಲ್ಲದ ಭಾಷೆಗಳ ಗೊತ್ತಿಲ್ಲದ ಊರುಗಳೆಲ್ಲ ಒಂದರ ಮೇಲೊಂದು ಬಿದ್ದು ಮಾತಾಡುತ್ತಿದ್ದವು. ಈ ಕಾರಣವೆಲ್ಲ ಆಗ ನಮಗೆ ತಿಳಿದಿರಲಿಲ್ಲ. ರಾತ್ರಿಯಾದರೆ ರೇಡಿಯೋಗೆ ಶಕ್ತಿ ಬರುತ್ತದೆ ಎಂದುಕೊಂಡಿದ್ದೆವು.

ಆ ಕಾಲದ ದೊಡ್ಡ ದನಿಗಳ ವಿಷಯ ನೀನೂ ಕೇಳಿರುತ್ತೀಯೆ. 1952ರಲ್ಲಿ ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರು ಸಿನಿಮಾ ಹಾಡುಗಳು ಕೀಳೆಂದು ಆಕಾಶವಾಣಿಯಿಂದ ಅವುಗಳನ್ನು ದೂರವಿಟ್ಟಾಗ ದೇಶದ ಕಿವಿಯೆಲ್ಲ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆ ತಿರುಗಿತು. ಅದರ ನಿರೂಪಕ ಅಮೀನ್ ಸಯಾನಿಯವರ ‘ಬಹನೋ ಔರ್ ಭಾಯಿಯೋ’ ಎಂಬ ಕರೆ ಹಿಂದಿ ಬಾರದ ನಮ್ಮ ತೋಟದ ಮನೆಗಳಲ್ಲೂ ಕೇಳುತ್ತಿತ್ತು. ಕೈತಪ್ಪಿದ ಕೇಳುಗರನ್ನು ಮರಳಿ ಕರೆತರಲೆಂದೇ 1957ರ ಅಕ್ಟೋಬರ್ 3ರಂದು ಆಕಾಶವಾಣಿಯ ವಿವಿಧ ಭಾರತಿ ಹುಟ್ಟಿತು. ದೆಹಲಿಯಿಂದ ಕನ್ನಡ ವಾರ್ತೆ ಓದುತ್ತಿದ್ದ ಉಪೇಂದ್ರ ರಾವ್ ಅವರ ದನಿ ಬಂದರೆ ಅಜ್ಜ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಏಳುತ್ತಿದ್ದರು. ಬಲದೇವಾನಂದ ಸಾಗರ್ ಅವರ ಸಂಸ್ಕೃತ ವಾರ್ತೆಯ ಮೊದಲ ಸಾಲನ್ನು ಅರ್ಥ ಗೊತ್ತಿಲ್ಲದಿದ್ದರೂ ಕೇರಿಯ ಮಕ್ಕಳೆಲ್ಲ ಒಪ್ಪಿಸುತ್ತಿದ್ದರು. ಇವರ ಮೇಲೆ ನನಗಿರುವ ಗೌರವಕ್ಕೆ ಕೊರತೆಯಿಲ್ಲ. ಆದರೂ ಇವರೆಲ್ಲ ದೂರದವರು. ನಾವು ಇವರನ್ನು ಬಲ್ಲೆವು, ಇವರು ನಮ್ಮನ್ನು ಬಲ್ಲವರಲ್ಲ. ಭಾಗಮಂಡಲದ ರಸ್ತೆಯ ಮೇಲೆ ಕಾವೇರಿ ಹರಿದು ಬಸ್ಸು ನಿಂತ ದಿನವೂ ದೆಹಲಿಯ ದನಿ ಎಂದಿನಷ್ಟೇ ಸಮಾಧಾನವಾಗಿ ಇರುತ್ತಿತ್ತು.

ನಮ್ಮ ನಾಡಿನಲ್ಲಿ ರೇಡಿಯೋ ಹುಟ್ಟಿದ್ದು ಮಾತ್ರ ಹಾಗೆ ದೂರದಿಂದ ಅಲ್ಲ ಎಂಬುದು ಸೋಜಿಗ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಊರಿನವರಿಗಾಗಿ ಪ್ರಸಾರ ಶುರುಮಾಡಿದರು; ಆ ಮನೆಯ ರೇಡಿಯೋಗೆ ಇದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಊರಿನ ಮೇಷ್ಟರೊಬ್ಬರ ಮನೆಯಿಂದ ಊರಿನವರಿಗೆ ಕೇಳಿಸಲೆಂದು ಶುರುವಾದದ್ದು ಬೆಳೆದು, ರಾಜ್ಯದ ರಾಜಧಾನಿಗೆ ಹೋಗಿ, ಅಲ್ಲಿಂದ ದೆಹಲಿಯ ತಾಳಕ್ಕೆ ನಡೆಯಲು ಕಲಿತು, ಎಷ್ಟೋ ವರ್ಷದ ಮೇಲೆ ಮತ್ತೆ ಊರುಗಳ ಕಡೆ ಮುಖ ಮಾಡಿತು. 1984ರಲ್ಲಿ ತಮಿಳುನಾಡಿನ ನಾಗರಕೋವಿಲ್‌ನಲ್ಲಿ ದೇಶದ ಮೊದಲ ಸ್ಥಳೀಯ ನಿಲಯ ಬಂತು. ಆ ಮೇಲೆ ಹಾಸನ, ಚಿತ್ರದುರ್ಗ, ಹೊಸಪೇಟೆ, ಕಾರವಾರಗಳ ಸಾಲಿನಲ್ಲಿ ನಮ್ಮ ಮಡಿಕೇರಿಯೂ ಸೇರಿತು. ‘ಆಕಾಶವಾಣಿ ಮಡಿಕೇರಿ, ಎಫ್‌ಎಂ ಕಂಪನಾಂಕ 103.1 ಮೆಗಾಹರ್ಟ್ಸ್’ ಎಂದು 1993ರಲ್ಲಿ ಮೊದಲ ಬಾರಿ ಕೇಳಿದಾಗ ನಮಗೆ ಹಾಡಿಗಿಂತ ಊರಿನ ಹೆಸರೇ ಕಿವಿಗೆ ಹಿತವಾಗಿತ್ತು.

ಎಫ್‌ಎಂ ಎಂಬುದು ಮೀಡಿಯಂ ವೇವಿನಂತೆ ಊರೂರು ಅಲೆಯುವುದಿಲ್ಲ. ಅದರ ತರಂಗ ಬೆಳಕಿನ ಹಾಗೆ ನೇರವಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ನಮ್ಮದು ಬೆಟ್ಟಗಳದೇ ಜಿಲ್ಲೆ. ಆದ್ದರಿಂದ ಒಂದೇ ಊರಿನಲ್ಲಿ ಮೇಲಿನ ಮನೆಗೆ ಸೊಗಸಾಗಿ ಕೇಳುವ ನಿಲಯ ಕೆಳಗಿನ ಹೊಳೆಬದಿಯ ಮನೆಗೆ ಬರೀ ಗೊರಗೊರ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಅದು ಸರಿಯಾಗಿ ಸಿಗುತ್ತಿದ್ದ ಜಾಗ ಅಡುಗೆಮನೆಯ ಕಿಟಕಿಯ ಮೂಲೆಯೊಂದೇ. ಏರಿಯಲ್ ಮುರಿದ ಮೇಲೆ ಅಪ್ಪ ಅದಕ್ಕೆ ತಾಮ್ರದ ತಂತಿ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಕಡಿಮೆ ದೂರ ತಲುಪುವುದೇ ಸ್ಥಳೀಯ ನಿಲಯದ ಸ್ವಭಾವ. ನಾನು ಈಗ ಹೇಳಹೊರಟಿರುವುದಕ್ಕೆಲ್ಲ ಬುಡ ಅಲ್ಲಿದೆ.

ಧ್ವನಿ ಪರೀಕ್ಷೆ ಪಾಸಾಗಿ ನಾನು ಒಳಗೆ ಹೋದದ್ದು ಅದಾಗಿ ಎರಡು ವರ್ಷಕ್ಕೆ. ಹಂಗಾಮಿಯವರಿಗೆ ತಿಂಗಳಿಗೆ ಆರು ಡ್ಯೂಟಿಗಿಂತ ಹೆಚ್ಚು ಕೊಡುವ ನಿಯಮವಿರಲಿಲ್ಲ. ಎಲ್ಲ ಸಣ್ಣ ನಿಲಯಗಳೂ ನಡೆಯುತ್ತಿದ್ದುದು ಹೀಗೆ ಆರಾರು ದಿನ ಬಂದು ಹೋಗುವ ಮೇಷ್ಟರು, ವಕೀಲರು, ಬ್ಯಾಂಕಿನವರು, ಮನೆವಾರ್ತೆಯ ಹೆಂಗಸರ ದನಿಯಿಂದಲೇ. ಬೆಳಗಿನ ಪಾಳಿಯಾದರೆ ಇನ್ನೂ ಕತ್ತಲಿರುವಾಗಲೇ ಹೋಗಿ ಕ್ಯೂ ಶೀಟ್ ನೋಡಿಕೊಳ್ಳಬೇಕು; ಅದರಲ್ಲಿ ಇಡೀ ಪಾಳಿಯ ನಿಮಿಷ ನಿಮಿಷದ ಲೆಕ್ಕ ಇರುತ್ತದೆ. ಮೊದಲು ಆ ಚಿರಪರಿಚಿತ ಸಂಕೇತ ರಾಗ. ಶಿವರಂಜನಿಯ ಛಾಯೆಯಿರುವ ಆ ಪಿಟೀಲಿನ ರಾಗವನ್ನು ಕಟ್ಟಿದವರು ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದು ರೇಡಿಯೋದಲ್ಲಿ ಕೆಲಸ ಮಾಡಿದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅದಾದ ಮೇಲೆ ವಂದೇ ಮಾತರಂ, ಮಂಗಳಧ್ವನಿ, ಆಮೇಲೆ ನಮ್ಮ ಮಾತು.

ಹೊರಗಿನವರಿಗೆ ಉದ್ಘೋಷಕರ ಕೆಲಸವೆಂದರೆ ಚೆಂದವಾಗಿ ಮಾತಾಡುವುದು. ಒಳಗಿದ್ದವರಿಗೆ ಅದು ಮುಖ್ಯವಾಗಿ ಗಡಿಯಾರದ ಜತೆಗಿನ ಲೆಕ್ಕ. ವಾರ್ತೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಸರಿಯಾದ ಗಳಿಗೆಗೆ ಬಂದೇ ಬರುತ್ತದೆ, ಅದು ನಮಗಾಗಿ ಕಾಯುವುದಿಲ್ಲ. ವಾರ್ತೆಗೆ ಇನ್ನು ನಾಲ್ಕು ನಿಮಿಷ ಹತ್ತು ಸೆಕೆಂಡು ಉಳಿದಿದೆಯೆಂದರೆ ಮೂರು ನಿಮಿಷ ಐವತ್ತು ಸೆಕೆಂಡಿನ ಹಾಡೊಂದನ್ನು ಹುಡುಕಬೇಕು, ಉಳಿದ ಇಪ್ಪತ್ತು ಸೆಕೆಂಡಿನಲ್ಲಿ ಸಮಯ ಹೇಳಿ, ಮುಂದಿನ ಕಾರ್ಯಕ್ರಮ ಹೇಳಿ, ಉಸಿರು ಬಿಡದೆ ದನಿ ಏರಿಳಿಸುವ ಫೇಡರ್ ಇಳಿಸಬೇಕು. ಗಾನಮುದ್ರಿಕೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಹಾಡಿನ ಅವಧಿ ಬರೆದಿರುತ್ತಿತ್ತು. ಅದನ್ನು ನಂಬಿ ಹಾಕಿದರೆ ಕೆಲವು ಸಲ ಕೊನೆಯ ಚರಣದ ನಡುವೆಯೇ ಹಾಡನ್ನು ಮೆಲ್ಲಗೆ ಅಡಗಿಸಬೇಕಾಗುತ್ತಿತ್ತು. ನೆಚ್ಚಿನ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆಂದು ಮನೆಮನೆಗಳಲ್ಲಿ ಜನ ನಮ್ಮನ್ನು ಬಯ್ಯುತ್ತಿದ್ದುದು ಗೊತ್ತಿತ್ತು. ನಮ್ಮ ಮನೆಯಲ್ಲಿ ನಿನ್ನ ಅಜ್ಜಿಯೇ ಬಯ್ಯುತ್ತಿದ್ದರು.

ಹಾಡಿನ ನಡುವೆ ನಾವು ಆಡುತ್ತಿದ್ದ ಮಾತು ಎಂಥದ್ದು ಎಂದು ನೀನು ಕೇಳಬಹುದು. ಹೆಚ್ಚಿನದು ಮಳೆಯ ಮಾತು. ನೀನು ಇಲ್ಲಿಯೇ ಬೆಳೆದವಳು, ಇಲ್ಲಿನ ಮಳೆ ಏನೆಂದು ನಿನಗೆ ಗೊತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಗಿಡದ ಹೂ ಅರಳಿಸುವ ಹೂಮಳೆಗೆ ಕಾಯುವಾಗ ಇಡೀ ಜಿಲ್ಲೆಯ ಉಸಿರೇ ಬಿಗಿಯಾಗಿರುತ್ತದೆ. ಆಗ ಸುಂಟಿಕೊಪ್ಪದಲ್ಲಿ ಬಿದ್ದಿತೇ, ಪೊನ್ನಂಪೇಟೆಯಲ್ಲಿ ಎಷ್ಟಾಯಿತು ಎನ್ನುವುದು ಹರಟೆಯಲ್ಲ, ಸ್ಪ್ರಿಂಕ್ಲರ್‌ಗೆ ಡೀಸೆಲ್ ತರಿಸಬೇಕೇ ಬೇಡವೇ ಎಂಬ ಲೆಕ್ಕಾಚಾರ. ಕಾಗದದಲ್ಲಿ ನಮಗೆ ಬರುತ್ತಿದ್ದುದು ಮಿಲಿಮೀಟರ್, ತೋಟದವರ ಬಾಯಲ್ಲಿ ಇದ್ದುದು ಸೆಂಟು. ಇಂಚಿಗೆ ನೂರು ಸೆಂಟು. ಮಿಲಿಮೀಟರ್ ಓದಿ ಮುಗಿಸಿದ ಮೇಲೆ, ಅಂದರೆ ಸುಮಾರು ಐವತ್ತು ಸೆಂಟು ಎಂದು ಒಂದು ಮಾತು ಸೇರಿಸಿದರೆ ಅದು ಯಾವ ಕ್ಯೂ ಶೀಟಿನಲ್ಲೂ ಬರೆದಿರುತ್ತಿರಲಿಲ್ಲ, ಆದರೆ ಕೇಳುವವರಿಗೆ ಬೇಕಾಗಿದ್ದುದು ಅದೇ. ಮಳೆಗಾಲದಲ್ಲಿ ಹಾರಂಗಿ ಜಲಾಶಯದ ನೀರಿನ ಮಟ್ಟ ಹೇಳುವಾಗಲೂ ಹಾಗೆಯೇ. ಪೂರ್ಣ ಮಟ್ಟ 2859 ಅಡಿ ಎಂಬುದು ಬೆಂಗಳೂರಿನವರಿಗೆ ಅಂಕಿ, ಕುಶಾಲನಗರದಲ್ಲಿ ಹೊಳೆದಂಡೆಯ ಮನೆಯವರಿಗೆ ಅದು ಅಕ್ಕಿಚೀಲ ಅಟ್ಟಕ್ಕೆ ಏರಿಸಬೇಕೇ ಎಂಬ ಪ್ರಶ್ನೆ.

ನಿಲಯ ಶುರುವಾದ ಕಾಲವೂ ಹಾಗೇ ಇತ್ತು. ಅಲ್ಲಿಯವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೆ, ಕೊಟ್ಟು ಅದು ಕಂತುಕಂತಾಗಿ ಕೊಡುವ ದುಡ್ಡಿಗೆ ಕಾಯುವುದು ಪದ್ಧತಿ. ತೊಂಬತ್ತರ ದಶಕದ ಮೊದಲರ್ಧದಲ್ಲಿ ಅದು ಹಂತಹಂತವಾಗಿ ಸಡಿಲವಾಗಿ ಬೆಳೆಗಾರರು ತಾವೇ ಮಾರುವಂತಾಯಿತು. ಅದೇ ಹೊತ್ತಿಗೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಕರಕಲಾದವು, ಇಲ್ಲಿ ಬೆಲೆ ಏರಿತು. ಅದುವರೆಗೆ ಬೆಲೆಯ ಗೊಡವೆಯೇ ಇಲ್ಲದ ಸಣ್ಣ ಬೆಳೆಗಾರ ಈಗ ದಿನವೂ ಬೆಲೆ ಕೇಳಬೇಕಾಯಿತು. ರೈತರ ಕಾರ್ಯಕ್ರಮವೆಂದರೆ ಮೂಗು ಮುರಿಯುತ್ತಿದ್ದ ಹುಡುಗರು ಕೂಡ ಪೇಟೆ ಧಾರಣೆಯ ಹೊತ್ತಿಗೆ ರೇಡಿಯೋದ ಬಳಿ ಬಂದು ನಿಲ್ಲುತ್ತಿದ್ದರು. ಧಾರಣೆ ಓದುವಾಗ ತಡವರಿಸಿದರೆ ಮಾತ್ರ ಕ್ಷಮೆಯಿರಲಿಲ್ಲ.

ಈ ಮಾತು ಬಂದದ್ದರಿಂದ ಹೇಳುತ್ತೇನೆ, ಸ್ಥಳೀಯ ನಿಲಯದ ದನಿಗೆ ಇದ್ದ ದೊಡ್ಡ ಕಡಿವಾಣ ಮೇಲಧಿಕಾರಿಯಲ್ಲ, ಶುಕ್ರವಾರದ ಸಂತೆ. ಇಡೀ ವಾರ ನಾವು ಆಡಿದ್ದನ್ನು ಕೇಳಿದವರೆಲ್ಲ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಎದುರಿಗೇ ಸಿಗುತ್ತಿದ್ದರು. ಇಲ್ಲಿ ಮನೆತನದ ಹೆಸರೆಂದರೆ ಎಷ್ಟು ಮುಖ್ಯವೆಂದು ನಿನಗೆ ಗೊತ್ತು. ಕೊಡವ ಮನೆತನದ ಹೆಸರೊಂದರಲ್ಲಿ ಹ್ರಸ್ವವನ್ನು ದೀರ್ಘ ಮಾಡಿ ಓದಿದ್ದಕ್ಕೆ ಹಿರಿಯರೊಬ್ಬರು ಮೀನಿನ ಅಂಗಡಿಯ ಮುಂದೆಯೇ ನನ್ನ ಜತೆಗಾರ್ತಿಯನ್ನು ನಿಲ್ಲಿಸಿ, ಸರಿಯಾಗಿ ಹೇಳುವವರೆಗೆ ಬಿಡಲಿಲ್ಲ. ಕನ್ನಡವಲ್ಲದೆ ಕೊಡವ ಭಾಷೆಯಲ್ಲೂ ಅರೆಭಾಷೆಯಲ್ಲೂ ಕಾರ್ಯಕ್ರಮ ಬರುತ್ತಿದ್ದುದರಿಂದ ಕಿವಿ ನೆಟ್ಟು ಕೇಳಿ ತಪ್ಪು ಹಿಡಿಯುವವರು ಮೂರು ಕಡೆ ಇದ್ದರು. ತೋಟದ ಕೆಲಸದವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ನಮ್ಮ ದನಿ ಗೊತ್ತಿತ್ತು. ಟಿಕೆಟ್ ಕೇಳಲು ಬಾಯಿ ತೆರೆದರೆ ಸಾಕು, ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಎದುರು ಸಿಗುವವರ ಬಗ್ಗೆ ಮಾತಾಡುವಾಗ ಬಾಯಿಗೆ ತಾನಾಗಿ ಒಂದು ಅಂಕೆ ಬರುತ್ತದೆ. ಇಂದು ಲಕ್ಷಾಂತರ ಜನರಿಗೆ ಒಟ್ಟಿಗೆ ಮಾತಾಡುವ ಎಷ್ಟೋ ಮಂದಿಗೆ ಆ ಸಂತೆಯೇ ಇಲ್ಲ.

ಕೋರಿಕೆಯ ಕಾರ್ಯಕ್ರಮದ ವಿಷಯ ಬರೆಯದಿದ್ದರೆ ನನ್ನ ಜತೆಗಾರರು ನನ್ನನ್ನು ಬಿಡುವುದಿಲ್ಲ. ವಾರಪೂರ್ತಿ ಬಂದ ಅಂಚೆ ಕಾರ್ಡುಗಳನ್ನು ಮೇಜಿನ ಮೇಲೆ ಸುರಿದು ಹಾಡಿನ ಪ್ರಕಾರ ಗುಡ್ಡೆ ಮಾಡುವುದು ಒಂದು ಕೆಲಸ. ಮಳೆಗಾಲದ ಕಾರ್ಡುಗಳಲ್ಲಿ ಅರ್ಧ ಹೆಸರುಗಳು ಶಾಯಿ ಹರಡಿ ನೀಲಿ ಮಚ್ಚೆಯಾಗಿರುತ್ತಿದ್ದವು. ಬೆಳಕಿಗೆ ಹಿಡಿದು, ಊರಿನ ಹೆಸರಿನಿಂದ ಮನೆಯನ್ನು ಊಹಿಸಿ, ಹೇಗೋ ಓದುತ್ತಿದ್ದೆವು. ಒಂದೇ ಕಾರ್ಡಿನಲ್ಲಿ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಬರೆದು ಕೊನೆಗೆ ‘ಮತ್ತು ಮನೆಯವರೆಲ್ಲರೂ’ ಎಂದು ಸೇರಿಸುವವರಿದ್ದರು. ನಿಜ ಹೇಳಬೇಕೆಂದರೆ ಈ ಹೆಸರು ಓದುವ ಗಲಾಟೆಯಲ್ಲಿ ಎಷ್ಟೋ ಸಲ ಹಾಡಿಗಿಂತ ಪಟ್ಟಿಯೇ ಉದ್ದವಾಗುತ್ತಿತ್ತು, ಹಾಡಿನ ಒಂದು ಚರಣ ಹೋಗುತ್ತಿತ್ತು. ಯಾರೂ ದೂರಲಿಲ್ಲ. ಅವರು ಕಾಯುತ್ತಿದ್ದುದು ಹಾಡಿಗಲ್ಲ, ತಮ್ಮ ಹೆಸರು ಗಾಳಿಯಲ್ಲಿ ಬರುವುದಕ್ಕೆ. ಆ ಹಾಡಿನ ಕ್ಯಾಸೆಟ್ ಬಹಳ ಮನೆಗಳಲ್ಲಿ ಇದ್ದೇ ಇತ್ತು. ಸಿದ್ಧಾಪುರದ ಹೆಣ್ಣುಮಗಳು ಸೋಮವಾರಪೇಟೆಗೆ ಮದುವೆಯಾಗಿ ಹೋಗಿದ್ದರೆ, ತವರಿನವರು ಕಳಿಸಿದ ಕಾರ್ಡು ನಮ್ಮ ಮೇಜಿಗೆ ಬಂದು, ಅವಳ ಹೆಸರು ನಮ್ಮ ಬಾಯಿಂದ ಹೊರಟು ಅವಳ ಅತ್ತೆಮನೆಯ ರೇಡಿಯೋ ತಲುಪುತ್ತಿತ್ತು. ಮನೆಗೆ ಫೋನ್ ಬಾರದ ಕಾಲದಲ್ಲಿ ಅದರ ಬೆಲೆ ಏನೆಂದು ಆಲೋಚಿಸು.

ಆಮೇಲೆ ಫೋನ್ ಇನ್ ಕಾರ್ಯಕ್ರಮ ಬಂತು. ಕೇಳುಗರು ಫೋನಿನಲ್ಲಿ ಮಾತಾಡುವಾಗ ಅವರ ಪಕ್ಕದಲ್ಲಿ ಅವರದೇ ರೇಡಿಯೋ ಜೋರಾಗಿ ಕೂಗುತ್ತಿದ್ದರೆ ಆ ದನಿ ಮತ್ತೆ ಫೋನಿನೊಳಗೆ ಹೊಕ್ಕು ಸುತ್ತಿ ಸುತ್ತಿ ಕೀಂ ಎಂದು ಕಿರುಚುತ್ತದೆ. ‘ನಿಮ್ಮ ರೇಡಿಯೋ ಸ್ವಲ್ಪ ಸಣ್ಣ ಮಾಡಿ’ ಎನ್ನುವುದು ನಾನು ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ವಾಕ್ಯವಿರಬೇಕು. ಅವರು ‘ಆಯ್ತು ಮೇಡಂ’ ಎಂದು ಎದ್ದು ಹೋಗಿ ಬರುವವರೆಗೆ ಇಡೀ ಜಿಲ್ಲೆ ಅವರ ಮನೆಯ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತ ಕಾಯುತ್ತಿತ್ತು.

ನೀನು ಪ್ರೈಮರಿ ಶಾಲೆಯಲ್ಲಿದ್ದಾಗಿನ ಸಂಗತಿ ನಿನಗೆ ನೆನಪಿದೆಯೋ ಇಲ್ಲವೋ. ಪುನರ್ವಸು ಮಳೆ ಹಿಡಿದರೆ ಬೆಳಗ್ಗೆ ಎದ್ದವಳೇ ಸಮವಸ್ತ್ರ ಹಾಕಿಕೊಳ್ಳದೆ ರೇಡಿಯೋ ಮುಂದೆ ಕೂರುತ್ತಿದ್ದೆ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ ಸುದ್ದಿ ನಿಲಯಕ್ಕೆ ಬಂದ ಕೂಡಲೇ ಹಾಡು ಮುಗಿಯುವುದಕ್ಕೂ ಕಾಯದೆ ಓದುವುದು ವಾಡಿಕೆ. ಒಂದು ದಿನ ಅದನ್ನು ಓದುವ ಸರದಿ ನನ್ನದಾಗಿತ್ತು. ಮನೆಯಲ್ಲಿ ನೀನು ಕುಣಿದ ರಭಸಕ್ಕೆ ಹಾಲಿನ ಲೋಟ ಉರುಳಿತೆಂದು ಅಪ್ಪ ಸಂಜೆ ಹೇಳಿದರು. ನೀನು ಮಾತ್ರ, ರಜೆ ಕೊಟ್ಟದ್ದು ನಮ್ಮಮ್ಮನೇ ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದೆ. ಮುಂದಿನ ವಾರವಿಡೀ ನಿನ್ನ ಗೆಳತಿಯರು ದಾರಿಯಲ್ಲಿ ಸಿಕ್ಕಾಗೆಲ್ಲ ನಾಳೆ ರಜೆ ಕೊಡಿ ಆಂಟಿ ಎಂದು ನನ್ನ ಬೆನ್ನು ಬಿದ್ದಿದ್ದರು.

ಆದರೆ ಆ ಕಾಲವನ್ನು ಹೊಗಳುವ ಉತ್ಸಾಹದಲ್ಲಿ ಎಲ್ಲವೂ ಸೊಗಸಾಗಿತ್ತೆಂದು ಬರೆದರೆ ಅದು ಸುಳ್ಳು. ಕಾಗದ ನೋಡಿ ಓದುವ ಭಾಷಣಗಳು ಬಹಳ ಇದ್ದವು. ಓದುವವರಿಗೇ ನಿದ್ದೆ ಬರುವಂಥ ಭಾಷಣಗಳು. ನಮ್ಮ ಕನ್ನಡವೂ ಇಸ್ತ್ರಿ ಹಾಕಿದ ಕನ್ನಡ. ನಗು ಬಂದರೂ ಮೈಕ್ ಬಂದ್ ಮಾಡಿ ನಗಬೇಕು. ಉದ್ಘೋಷಕರು ತಮ್ಮ ಹೆಸರು ಹೇಳಿಕೊಳ್ಳುವುದು ಕೂಡ ಹೆಚ್ಚಿನದೆಂಬ ಭಾವನೆ ಹಿರಿಯರಲ್ಲಿತ್ತು. ಆದ್ದರಿಂದ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಶುರುವಾಗಿ, ಅದರ ಹಿಂದೆ ಉಳಿದವು ಬಂದು, ಆರ್‌ಜೆಗಳು ಗೆಳೆಯರಂತೆ ತಮಾಷೆ ಮಾಡುತ್ತ ಮಾತಾಡತೊಡಗಿದಾಗ ನಮ್ಮಲ್ಲಿ ಕೆಲವರು ಮುಖ ಗಂಟಿಕ್ಕಿದರೂ ನನಗೆ ಅದು ಹಿಡಿಸಿತ್ತು. ಬೀದಿಯ ಕನ್ನಡಕ್ಕೂ ಮೈಕಿನ ಮುಂದೆ ಕುರ್ಚಿ ಸಿಕ್ಕಿತಲ್ಲ ಎನಿಸಿತು. ನೀನು ಮೈಸೂರಿನ ಹಾಸ್ಟೆಲ್‌ನಲ್ಲಿ ಓದುವಾಗ ಕಿವಿಗೆ ವೈರ್ ಸಿಕ್ಕಿಸಿಕೊಂಡು ಕೇಳುತ್ತಿದ್ದುದು ಅವರನ್ನೇ.

ಆದರೆ ಅವರಿಗೆ ಕಟ್ಟಿದ ಹಗ್ಗ ಬೇರೆ ಥರದ್ದು. ಖಾಸಗಿ ಎಫ್‌ಎಂಗಳು ತಮ್ಮದೇ ವಾರ್ತೆ ಕೊಡುವಂತಿಲ್ಲ ಎಂಬುದು ನಮ್ಮ ದೇಶದ ನಿಯಮ. 2011ರ ನೀತಿಯಲ್ಲಿ ಸಂಚಾರ, ಹವಾಮಾನದಂಥ ಮಾಹಿತಿಗೆ ಅವಕಾಶ ಕೊಟ್ಟು, ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು ಎಂದರು, ಅಷ್ಟೆ. ಊರಿನ ಆಗುಹೋಗುಗಳನ್ನು ಹೇಳುವಂತಿಲ್ಲದ ಮೇಲೆ ಮಾತಿಗೆ ಉಳಿಯುವುದು ಸಿನಿಮಾ, ಟ್ರಾಫಿಕ್, ಪ್ರೇಮ, ತಮಾಷೆ. ಹಾಡಿನ ಪಟ್ಟಿಯೂ ಕಂಪ್ಯೂಟರಿನಿಂದ ಸಿದ್ಧವಾಗಿ ಬರುತ್ತದೆ, ಅದದೇ ಹಾಡುಗಳು ದಿನಕ್ಕೆ ಹಲವು ಸಲ ಸುತ್ತುತ್ತವೆ. ಖರ್ಚು ಉಳಿಸಲು ಒಂದು ಊರಿನಲ್ಲಿ ಮಾತಾಡಿದ್ದನ್ನು ನಾಲ್ಕು ಊರಿಗೆ ಬಿಡುವ ಏರ್ಪಾಡೂ ಬಂತು. ನಾಲ್ಕು ಊರಿಗೂ ಹೊಂದುವ ಮಾತೆಂದರೆ ಯಾವ ಊರಿನದೂ ಅಲ್ಲದ ಮಾತು. ನಿನ್ನ ಆ್ಯಪ್ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮಾತನ್ನೇ ತೆಗೆದುಹಾಕಿದೆ ಎಂದು ನನಗನ್ನಿಸುತ್ತದೆ. ಅದಕ್ಕೆ ನಿನ್ನ ರುಚಿ ಗೊತ್ತು, ನಿನ್ನ ಊರು ಗೊತ್ತಿಲ್ಲ.

ನಗರದಲ್ಲೂ ಊರಿನ ದನಿಯಾದವರು ಇಲ್ಲವೆಂದಲ್ಲ. ನೀನು ದಿನವೂ ಮೆಟ್ರೋದಲ್ಲಿ ಓಡಾಡುತ್ತೀಯೆ. ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ಹೇಳುವ ಅಪರ್ಣಾ ಅವರ ದನಿ ನಿನ್ನ ಕಿವಿಗೆ ರೂಢಿಯಾಗಿರಬೇಕು. ಮೆಟ್ರೋಗಿಂತ ಎಷ್ಟೋ ಮೊದಲು, ತೊಂಬತ್ತರ ದಶಕದಲ್ಲಿಯೇ, ಅವರು ಆಕಾಶವಾಣಿಯ ಎಫ್‌ಎಂನಲ್ಲಿ ಮಾತಾಡಿದವರು. ಅಚ್ಚ ಕನ್ನಡವನ್ನು ಬಿಗುಮಾನವಿಲ್ಲದೆ ಆಡಬಹುದೆಂದು ನಮ್ಮಂಥ ಸಣ್ಣ ನಿಲಯದವರು ಕಲಿತದ್ದು ಅವರಂಥವರಿಂದ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಅವರನ್ನು ಒಮ್ಮೆಯೂ ನೋಡದ ನನ್ನ ಹಳೆಯ ಜತೆಗಾರ್ತಿಯರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಅತ್ತರು.

2018ರ ಆಗಸ್ಟ್‌ನಲ್ಲಿ ನೀನು ಇಲ್ಲಿರಲಿಲ್ಲ. ಆ ವಾರ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು, ಸಂಪಾಜೆಯ ರಸ್ತೆ ಮುಚ್ಚಿ, ನಮ್ಮಲ್ಲಿ ಕರೆಂಟ್ ಹೋಗಿ, ಮೊಬೈಲ್ ಚಾರ್ಜ್ ಮುಗಿದು ನಿನಗೆ ನಾವು, ನಮಗೆ ನೀನು ಸಿಗದೆ ಹೋದದ್ದು ನಿನಗೆ ನೆನಪಿರುತ್ತದೆ. ನಾನು ನಿಲಯ ಬಿಟ್ಟು ಆಗಲೇ ವರ್ಷಗಳಾಗಿದ್ದವು. ಟಾರ್ಚಿನಿಂದ ಸೆಲ್ ತೆಗೆದು ಟ್ರಾನ್ಸಿಸ್ಟರಿಗೆ ಹಾಕಿ ಕಿಟಕಿಯ ಮೂಲೆಯಲ್ಲಿಟ್ಟೆವು. ಯಾವ ರಸ್ತೆ ಮುಚ್ಚಿದೆ, ಪರಿಹಾರ ಕೇಂದ್ರ ಎಲ್ಲೆಲ್ಲಿ ತೆರೆದಿದ್ದಾರೆ ಎಂಬುದನ್ನು ಅದರಲ್ಲೇ ಕೇಳಿದ್ದು. ಓದುತ್ತಿದ್ದ ಹುಡುಗಿ ನನಗಿಂತ ಬಹಳ ಕಿರಿಯವಳು, ಅವಳ ಪರಿಚಯ ನನಗಿರಲಿಲ್ಲ. ಒಂದು ಊರಿನ ಹೆಸರು ಬಂದಾಗ ಅವಳ ದನಿ ಕ್ಷಣ ತಡೆದು ಮುಂದೆ ಹೋಯಿತು. ಆ ಊರಿನಲ್ಲಿ ಅವಳಿಗೆ ಬೇಕಾದವರು ಇದ್ದಾರೆ ಎಂದು ಅಪ್ಪ ಹೇಳಿದರು. ಇದ್ದರೋ ಇಲ್ಲವೋ, ಹಾಗೆ ಅನ್ನಿಸುವಷ್ಟು ಅವಳು ನಮ್ಮ ಹತ್ತಿರದವಳಾಗಿದ್ದಳು. ಅವಳಿದ್ದ ಕಟ್ಟಡದ ಮೇಲೂ ಅದೇ ಮಳೆ ಬೀಳುತ್ತಿತ್ತು. ಹಾಡಿನ ನಡುವಿನ ಮಾತಿಗೆ ಯಾಕೆ ಹಂಬಲಿಸುತ್ತೀರಿ ಎಂದು ಕೇಳಿದೆಯಲ್ಲ, ನನ್ನ ಉತ್ತರ ಇಷ್ಟೇ. ನಮಗೆ ಬೇಕಾಗಿದ್ದುದು ಚೆಂದದ ದನಿಯಲ್ಲ, ನಾವು ಇರುವ ಹೊತ್ತಿನಲ್ಲಿ ನಾವು ಇರುವ ಜಾಗದಲ್ಲಿ ಇದ್ದು ಮಾತಾಡುವವರು.

ಈಗ ಬಹಳ ಸ್ಥಳೀಯ ನಿಲಯಗಳಲ್ಲಿ ಊರಿನ ಕಾರ್ಯಕ್ರಮಕ್ಕೆ ಸಿಗುವ ಗಂಟೆಗಳು ಕಡಿಮೆಯಾಗಿ ಬೆಂಗಳೂರಿನದೋ ವಿವಿಧ ಭಾರತಿಯದೋ ಮರುಪ್ರಸಾರ ಹೆಚ್ಚಿದೆ. ಸಿಬ್ಬಂದಿ ಇಲ್ಲ, ಕೇಳುವವರೂ ಕಡಿಮೆ ಎನ್ನುತ್ತಾರೆ. ಮೊದಲು ಕಡಿಮೆಯಾದದ್ದು ಯಾವುದೆಂದು ಹೇಳುವುದು ಕಷ್ಟ. ಇನ್ನೊಂದು ಕಡೆ ಸಮುದಾಯ ಬಾನುಲಿ ಎಂದು ಕಾಲೇಜುಗಳೂ ಸಂಘಗಳೂ ಹತ್ತು ಹದಿನೈದು ಕಿಲೋಮೀಟರ್ ತಲುಪುವ ಪುಟ್ಟ ನಿಲಯಗಳನ್ನು ನಡೆಸುತ್ತಿವೆ; ಮಂಗಳೂರಿನ ಸಾರಂಗ್‌ನಲ್ಲಿ ಮೀನುಗಾರರ ಜತೆಗಿನ ಮಾತುಕತೆಯೊಂದನ್ನು ನಿನ್ನ ಚಿಕ್ಕಮ್ಮನ ಮನೆಯಲ್ಲಿ ಕೇಳಿದೆ, ಚೆನ್ನಾಗಿತ್ತು. ಆಕಾಶವಾಣಿಯ ಅನೇಕ ನಿಲಯಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ. ಬೆಂಗಳೂರಿನಲ್ಲಿ ಕುಳಿತು ಹೂಮಳೆ ಎಷ್ಟು ಸೆಂಟು ಬಿತ್ತೆಂದು ಕೇಳಬೇಕೆನಿಸಿದರೆ ನಿನಗೂ ಆಗುತ್ತದೆ.

ಮುಂದಿನ ತಿಂಗಳು ಬರುವಾಗ ಒಂದು ಉಪಕಾರ ಮಾಡು. ಟ್ರಾನ್ಸಿಸ್ಟರಿನ ಮುಳ್ಳು ಎಳೆಯುವ ದಾರ ಸವೆದು ತುಂಡಾಗಿದೆ, 103ರ ಹತ್ತಿರ ಬರುವಷ್ಟರಲ್ಲಿ ಜಾರಿಬಿಡುತ್ತದೆ. ಇಲ್ಲಿನ ಅಂಗಡಿಯವರು ಹೊಸ ರೇಡಿಯೋ ತೆಗೆದುಕೊಳ್ಳಿ ಎನ್ನುತ್ತಾರೆ, ಅಪ್ಪ ಒಪ್ಪುವುದಿಲ್ಲ. ಎಸ್.ಪಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಡಯಲ್ ದಾರ ಎಂದು ಕೇಳಿದರೆ ಕೊಡುತ್ತಾರಂತೆ. ಒಂದು ಗಜ ಸಾಕು, ಸಿಕ್ಕರೆ ಎರಡು ಗಜ ತಾ. ಹಾಗೆಯೇ ನಿನ್ನ ರೇನ್‌ಕೋಟ್ ಮರೆಯಬೇಡ.

ಇಂತಿ ನಿನ್ನ
ಅಮ್ಮ